ಸಾಹೇಬರು ಮರಳಿಸಿದ ಬುಟ್ಟಿ

೧೯೭೩ರ ಚಳಿಗಾಲ. ಅಮೆರಿಕದ ಪ್ರಿನ್ಸ್‌ಟನ್ ಜಂಕ್ಷನ್ ರೈಲು ನಿಲ್ದಾಣದಲ್ಲಿ ತಂಗಿಯ ಬರವಿಗಾಗಿ ಕಾಯುತ್ತಿದ್ದ ತ್ರಿಪುರಸುಂದರಮ್ಮನವರಿಗೆ ಹಿಂದಿನ ಬೆಂಚಿನಿಂದ ಧಾರವಾಡದ ಕನ್ನಡ ಕೇಳಿಸಿತು. ಅಪ್ಪ ಮತ್ತು ಮಗಳು. ಮಗಳು ಅಂದು ನ್ಯೂಯಾರ್ಕಿನ ಕಾಲೇಜಿನಲ್ಲಿ ಬ್ರಿಟಿಷರ ಆಡಳಿತದ ಬಗ್ಗೆ ಪ್ರಬಂಧ ಓದುವವಳಿದ್ದಳು.

“ಶೈಲಾ, ಅದರಾಗ ಅಜ್ಜನ ಹೆಸರು ತಗದುಬಿಡವಾ.”

“ಯಾಕಪ್ಪಾ? ಕಲೆಕ್ಟರ್ ಸಾಹೇಬ ಲಂಚ ಮುಟ್ಟತಿರಲಿಲ್ಲ, ಅವನ ಕಚೇರಿ ನೋಡಿಕೊಳ್ಳೋ ಶಿರಸ್ತೇದಾರ ನಮ್ಮಜ್ಜ ಅಂತ ನೀನ ಹೇಳಿದ್ದಿ.”

“ಖರೇ. ರೈತರು ಹಣ್ಣಿನ ಬುಟ್ಟಿ ತಂದ್ರ ಸಾಹೇಬ ಮರ್ಯಾದಿಗೆ ಒಂದು ಲಿಂಬಿಹಣ್ಣು ಮುಟ್ಟಿ, ಉಳದದ್ದು ವಾಪಸ್ ಕೊಡ್ರಿ ಅಂತಿದ್ದ.”

“ವಾಪಸ್ ಕೊಡೋ ಕೆಲಸ ಅಜ್ಜಂದು.”

“ಹೌದು. ಮತ್ತ ನಮ್ಮನ್ಯಾಗ ಒಂದೂ ಮಾವಿನ ಗಿಡ ಇರಲಿಲ್ಲವಾ. ಆದರೂ ಬ್ಯಾಸಗಿ ತುಂಬ ಮಾವಿನಹಣ್ಣು ತಿಂದೇವಿ. ನಿನ್ನ ಪ್ರಬಂಧ ಓದಿದ ಮ್ಯಾಲೇ ನನಗ ಹೊಳೀತು.”

“ಅಂದ್ರ ಅಜ್ಜ ಲಂಚಕೋರ?”

“ಅಂವ ನನಗ ಒಂದು ಸುಳ್ಳೂ ಹೇಳಗೊಟ್ಟವನಲ್ಲ. ಹೊತ್ತು ತಂದದ್ದು ತಿರುಗಿ ಒಯ್ಯಾಕ ರೈತರೇ ಒಲ್ಲೆವು ಅಂದಿರಬಹುದು.”

“ಸಾಹೇಬಗ ಗೊತ್ತಿತ್ತೇನು?”

“ಗೊತ್ತಿದ್ರ ಎಂಥಾ ಪ್ರಾಮಾಣಿಕ? ಗೊತ್ತಿಲ್ಲದಿದ್ರ ಎಂಥಾ ಕಲೆಕ್ಟರ್?”

ನ್ಯೂಯಾರ್ಕಿನ ರೈಲು ಬಂತು.

“ಹೆಸರೂ ಓದತೀನಿ, ಮಾವಿನಹಣ್ಣೂ ಓದತೀನಿ,” ಎಂದಳು ಮಗಳು.

ಅಪ್ಪ ಚೀಲ ಎತ್ತಿಕೊಂಡು ಎದ್ದರು. ತ್ರಿಪುರಸುಂದರಮ್ಮನವರ ಸೀರೆ ಕಂಡು ನಕ್ಕು, “ತಗೋರಿ ಅಮ್ಮಾ, ಥಂಡಿಯಾಗ ಕೂತೀರಿ,” ಎಂದು ಒಂದು ಕಿತ್ತಳೆಯನ್ನು ಅವರ ಕೈಗಿಟ್ಟು ರೈಲು ಹತ್ತಿದರು. ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ರೈಲು ಹೊರಟಿತ್ತು. ಆ ಶಿರಸ್ತೇದಾರರಿಗೂ ಹೀಗೆಯೇ ಆಗಿತ್ತೋ ಏನೋ.