ಸೂರತ್ ಗಾಡಿಯೊಳಗ ಮಧುನ ಹಾಡು

...ಹಂಗಲ್ಲ, ನಾ ಒಬ್ಬಾಕಿನೇ ಅಲ್ಲ, ನಾನೂ ನಿಮ್ಮ ಮಧು ಅಜ್ಜನೂ ಕೂಡೇ ಹಾಡ್ತಿದ್ವಿ. ಮಧು ಅಂದ್ರ ನನ್ನ ತಮ್ಮ. ನಾವು ಧಾರವಾಡದವರು, ಅಪ್ಪಗ ರೈಲ್ವೆ ನೌಕರಿ, ವರ್ಗಾ ಆಗಿ ವಡೋದರಾಕ್ಕ ಬಂದ್ವಿ. ಅಲ್ಲೇ ರೇಡಿಯೋ ಕೇಳಿ ಕೇಳಿ ಇಂಗ್ಲಿಷ್ ಹಾಡು ಕಲ್ತದ್ದು, ರಾಕ್ ಅಂಡ್ ರೋಲ್ ಅಂತೀರಲ್ಲ, ಅದು. ಅವಂದು ಮ್ಯಾಲಿನ ಧ್ವನಿ, ನಂದು ಕೆಳಗಿಂದು. ನಗಬ್ಯಾಡ್ರಿ, ಖರೇನೇ ಹಂಗಿತ್ತು. ಅಹಮದಾಬಾದಿನ ಹೋಟೆಲು, ಮದುವಿ ರಿಸೆಪ್ಶನ್, ಎಲ್ಲಾ ಕಡೆ ಕರೀತಿದ್ರು. ಆದ್ರ ನಮ್ಮ ಹೆಸರು ಬೋರ್ಡಿನ ಮ್ಯಾಲೆ ಬರೀತಿರಲಿಲ್ಲ. ಶಾಂತಾ-ಮಧುಸೂದನ ಅಂತ ಬರದ್ರ ಜನ ಭಜನಿ ಅಂತ ತಿಳ್ಕೋತಾರ, ನೀವು ಗೋವಾದ ರೀಟಾ-ಮೈಕ್ ಅನ್ರಿ ಅಂತ ಆರ್ಕೆಸ್ಟ್ರಾ ಮಾಲಕ ಜಯೇಶಭಾಯಿ ಹೇಳಿಬಿಟ್ಟಿದ್ದ. ಆತು ಬಿಡಪ್ಪಾ, ಹಾಡೋದಂತೂ ನಾವೇ ಅಲ್ಲ, ಅಂದ್ವಿ.

ತೊಂಬತ್ನಾಕರಾಗ ಸೂರತ್‌ನಾಗ ಪ್ಲೇಗ್ ಬಂತಲ್ಲ, ಆಗ ನಾವು ಹಾಡ್ಲಿಕ್ಕೆ ಅಂತ ಅಲ್ಲೇ ಹೋಗಿದ್ವಿ. ಕಾರ್ಯಕ್ರಮಕ್ಕ ಮುಂಬೈಯಿಂದ ಕ್ಯಾಸೆಟ್ ಮಾಡೋವರು ಬರ್ತಾರ ಅಂತ ಆಸೆ. ಮುಂಜಾನೆ ಎದ್ದು ನೋಡಿದ್ರ ಅಂಗಡಿ ಬಂದ್, ಎಲ್ಲಾರ ಮುಖಕ್ಕೂ ಕರವಸ್ತ್ರ, ಊರಿಗೆ ಊರೇ ಸ್ಟೇಷನ್ ಕಡೆ ಓಡಲಿಕ್ಕೆ ಹತ್ತೇದ. ಮಧುನ ಕೈ ಹಿಡದೆ ನೋಡ್ರಿ, ಕೆಂಡ! ಕ್ಯಾಸೆಟ್ ಆಸೆಗೆ ಅಂವ ಜ್ವರ ಮುಚ್ಚಿಟ್ಟಿದ್ದ. ಅದೇ ರೋಗ ಆದ್ರ? ಸೂರತ್‌ನ ಡಾಕ್ಟರೂ ಊರು ಬಿಟ್ಟು ಓಡಿದ್ರು, ಹೆಂಗರೆ ಮಾಡಿ ವಡೋದರಾ ದವಾಖಾನಿ ಮುಟ್ಟಸಬೇಕು, ಅಷ್ಟೇ ತಲ್ಯಾಗ.

ಇಬ್ಬರೂ ಕರವಸ್ತ್ರ ಕಟ್ಕೊಂಡು ಗಾಡಿಯೊಳಗ ತೂರಿದ್ವಿ. ಕಾಲಿಡ್ಲಿಕ್ಕೆ ಜಾಗಾ ಇಲ್ಲ. ಅಷ್ಟರಾಗ ಮಧು ಕೆಮ್ಮಿದ. ಅಯ್ಯ, ಅಷ್ಟು ಗದ್ದಲ ಒಮ್ಮೆಲೇ ಗಪ್ಪಾತು. ಕಿಟಕಿ ಕಡೆ ಕೂತಾವ ಇವಂಗೇನಾಗೇದ ಅಂತ ಹಿಂದಿಯೊಳಗ ಕೇಳಿದ. ಏನಿಲ್ಲ, ಹಾಡ್ತಾನ, ಗಂಟಲು ಕಟ್ಟೇದ ಅಂದೆ.

"ಹಾಡೋವಾದ್ರ ಈಗ ಹಾಡ್ಲಿ. ಇಲ್ಲಾಂದ್ರ ಭರೂಚ್‌ನಾಗ ಇಳಸ್ತೀವಿ."

ನಾಕು ಮಂದಿ ಎದ್ದು ನಿಂತ್ರು. ಮಧು ನನ್ನ ಕಿವಿಯೊಳಗ ಕನ್ನಡದಾಗ ಅಂದ, "ಅಕ್ಕಾ, ಧ್ವನಿ ಬರೂದಿಲ್ಲ. ನಾ ಇಳೀತೀನಿ, ನೀ ಮನಿಗೆ ಹೋಗು."

"ಸುಮ್ಮನ ತಲಿ ಅಲ್ಲಾಡಸು. ನಿನ್ನ ಧ್ವನಿಯೊಳಗ ನಾ ಹಾಡ್ತೀನಿ."

ಬಾಯಿ ಯಾರಿಗೆ ಕಾಣಬೇಕು, ಕರವಸ್ತ್ರ ಅದ ಅಲ್ಲ! ಅವನ ಮ್ಯಾಲಿನ ಧ್ವನಿ ಎಂದೂ ಮುಟ್ಟಿದಾಕಿ ಅಲ್ಲ ನಾ. ಅಂಜಿಕಿ ಅನ್ನೋದು ಎಳದು ಎಳದು ಅಲ್ಲೀತನಕಾ ಏರಿಸ್ತು. ಹಾಡು ಮಾತ್ರ ನಿಲ್ಲಲಿಲ್ಲ. ಮಧು ಕಣ್ಣು ಮುಚ್ಚಿ ತಲಿ ಅಲ್ಲಾಡಸ್ತಾನ. ನಂಬಿದ್ರೋ, ಪಾಪ ಅನಿಸ್ತೋ, ನಿಂತವರು ಕೂತ್ರು. ಒಬ್ಬಾಕಿ ಮುದುಕಿ ಎದ್ದು ಬಂದು ಮಧುನ ಹಣಿ ಮುಟ್ಟಿದಳು. ಸತ್ವಿ ಅಂದ್ಕೊಂಡೆ. ಆದ್ರ ಆಕಿ ತನ್ನ ಜಾಗಾದಾಗ ಅವನ್ನ ಕೂಡ್ರಿಸಿ, ಸೆರಗು ತೊಯ್ಸಿ ಹಣಿ ಮ್ಯಾಲೆ ಇಟ್ಟಳು.

ದವಾಖಾನಿಯೊಳಗ ಬರೇ ಮಲೇರಿಯಾ ಅಂದ್ರು. ನಾ ಅಲ್ಲೇ ನೆಲದ ಮ್ಯಾಲೆ ಕೂತು ಅತ್ತೆ. ಕ್ಯಾಸೆಟ್ಟಿನವರು ಮತ್ತ ಎಂದೂ ಬರಲಿಲ್ಲ, ನಾವು ಮದುವ್ಯಾಗ ಹಾಡ್ಕೋತ ಇನ್ನೂ ಭಾಳ ವರ್ಷ ತಿರುಗಿದ್ವಿ. ಅದಕ್ಕ ಹೇಳೋದು, ಜ್ವರ ಬಂದವರನ್ನ ಮೊದಲ ಮುಟ್ಟಿ ನೋಡ್ರಿ, ಅಂಜೋದು ಆಮ್ಯಾಲೆ ಇದ್ದೇ ಅದ. ಏಳ್ರಿ, ಕೈ ತೊಳಕೊಂಡು ಊಟಕ್ಕ ಬರ್ರಿ.