ಮೂರು ತಾಸಿನ ಮರಿಗಳು

ಹೌದವಾ, ಸುಳ್ಳ ಹೇಳಿದ್ನಿ. 'ಸಣ್ಣಾಕಿ ಇದ್ದಾಗ ತಾಯಿನ್ನ ಬಿಟ್ಟು ಇದ್ದಳೇನ್ರಿ?' ಅಂತ ಡಾಕ್ಟರ್ ಕೇಳಿದ್ರು, ನಾ 'ಇಲ್ರಿ' ಅಂದ್ನಿ. ಆವಾಗಿಂದ ಹಿಂಗ ನೋಡಾಕತ್ತಿ ನೀ... ಬಾ ಮಲ್ಲಿಕಾ, ಇಲ್ಲೆ ಕುಂಡ್ರು. ಹಂಸಭಾವಿ ಬಸ್ ಇನ್ನೂ ಬಂದಿಲ್ಲ. ಹಾನಗಲ್ ಸ್ಟ್ಯಾಂಡಿನ್ಯಾಗ ಇಷ್ಟ ಗದ್ದಲ ಐತಿ, ನೀ ಮಾತಾಡಿದ್ರ ನನ್ನ ಬಿಟ್ಟು ಯಾರಿಗೂ ಕೇಳಂಗಿಲ್ಲ. ಬಾಳೆಹಣ್ಣ ತಿಂತಿ? ಬ್ಯಾಡ? ಆತು ಬಿಡು.

ಆ ಪ್ರಶ್ನಿ ಕೇಳಿ ಅಂಜಿದ್ನಿ, ಯವ್ವಾ. ಅದರ ಉತ್ತರ ನಾ ಹುಬ್ಬಳ್ಳ್ಯಾಗ ದಿನಾ ನೋಡತೇನಿ. ಲ್ಯಾಬಿನ್ಯಾಗ ಕಸಾ ಹೊಡಿತೇನಿ ಅಂತ ಅಜ್ಜಿ ಹೇಳ್ಯಾಳ, ಅಲ್ಲ? ಕಸಾ ಅಲ್ಲ. ಇಲಿ ನೋಡ್ಕೊಂತೇನಿ. ಬಿಳಿ ಇಲಿ... ಯಾಕ ನಗ್ತಿ? ನಗು, ನಗು! ನಿನ್ನ ನಗಿ ನೋಡಿ ವರ್ಷ ಆತು.

ಹಡದ ಇಲಿ ಇರತಾವು. ಮರಿಗಳನ್ನ ತಾಯಿ ಕಡಿಂದ ತಗದು ಬ್ಯಾರೆ ಡಬ್ಬ್ಯಾಗ ಇಡೂದು, ಬೆಚ್ಚಗ. ದಿನಾ ಮೂರು ತಾಸು. ಆಮ್ಯಾಲ ಹೊಳ್ಳಿ ತಾಯಿ ಹಂತ್ಯಾಕ ಬಿಡೂದು. ಎರಡು ವಾರ ಹಿಂಗ. ಈ ಕೈಲೇ ಮಾಡತೇನಿ... ಯಾಕ, ಕೈ ಯಾಕ ಬಿಡಿಸ್ಕೊಂಡಿ?

ಮರಿ ದೊಡ್ಡವಾದ ಮ್ಯಾಲ ಒಂದು ಅಗಲ ಪೆಟಗ್ಯಾಗ ಬಿಟ್ಟು ನೋಡ್ತಾರ. ತಾಯಿ ಕೂಡೇ ಬೆಳದ ಇಲಿ ಪೆಟಗಿ ನಟ್ಟ ನಡುವ ಓಡ್ಯಾಡ್ತಾವು. ಇವು... ಮೂಲಿ ಹಿಡದು ಕುಂತ ಬಿಡತಾವು. ಮನಷ್ಯಾರಿಗೆ ಈ ಅಂಜಿಕಿ, ಈ ಮನಸ್ಸಿನ ಬ್ಯಾನಿ ಹೆಂಗ ಬರತಾವು, ಏನು ಔಷಧ ಕೊಡಬೇಕು, ಅದನ್ನ ತಿಳಕೊಳ್ಳಾಕ ಮಾಡ್ತಾರಂತ. ಒಂದಿನ ಲ್ಯಾಬಿನ ಮೇಡಂಗ ಕೇಳೇ ಬಿಟ್ನಿ. 'ಮೇಡಂ, ಮೂರು ತಾಸಿಗೆ ಹಿಂಗಾದ್ರ, ಮೂರು ವರ್ಷಕ್ಕ?' ಬರಿಯೂದು ನಿಲ್ಲಿಸಿ ನನ್ನ ಮಾರಿ ನೋಡಿದ್ರು. 'ಇಲಿ ಬ್ಯಾರೆ, ಮನುಷ್ಯರು ಬ್ಯಾರೆ, ಮಂಜುಳಾ' ಅಂದ್ರು. ಅಷ್ಟ.

ಅದಾಗಿ ತಿಂಗಳ ತುಂಬಿಲ್ಲ, ನಿಮ್ಮ ಸಾಲಿ ಮಾಸ್ತರು ಫೋನ್ ಮಾಡಿದ್ರು. 'ನಿಮ್ಮ ಹುಡುಗಿ ಕಡೀ ಬೆಂಚಿನ್ಯಾಗ ಗ್ವಾಡಿಗೆ ಹತ್ತಿ ಕುಂಡ್ರತಾಳ್ರಿ, ಯಾರ ಜೋಡಿನೂ ಮಾತಿಲ್ಲ, ಡಾಕ್ಟರಿಗೆ ತೋರಸ್ರಿ.' ಆವಾಗ ನನ್ನ ಕೈಯಾಗ ಮರಿ ಇದ್ದವು.

ನಾ ಏನ್ ಮಾಡ್ಲಿ? ನಿಮ್ಮಪ್ಪ ತೀರಿಕೊಂಡಾಗ ನಿನಗ ಎರಡು ವರ್ಷ. ನಿನ್ನ ಅಜ್ಜಿ ಕಡೆ ಬಿಟ್ಟು ಹುಬ್ಬಳ್ಳಿಗೆ ದುಡಿಯಾಕ ಹೋದ್ನಿ. ಆಮ್ಯಾಲ ಹಬ್ಬಕ್ಕೊಮ್ಮೆ ಬಂದೇನಲ್ಲ? ಆ ಮೊದಲಿನ ಮೂರು ವರ್ಷ ಅಷ್ಟ... ರಜಾ ಕೊಡಲಿಲ್ಲ, ಯವ್ವಾ.

ಯಾಕ? ತಲಿ ಯಾಕ ಅಲ್ಲಾಡಸ್ತಿ? ಕೊಡಲಿಲ್ಲಾ ಅಂತೇನಿ! ಒಂದು ಸರ್ತೀನೂ...

ಹಂಗ ನೋಡಬ್ಯಾಡ.

...ನೀ ನೋಡಿದ್ಯೇನು? ಅವತ್ತ?

ಬಂದಿದ್ನಿ. ಹೌದು, ನಿನಗ ಐದು ವರ್ಷ ಆಗಿದ್ದಾಗ ಒಮ್ಮೆ ಬಂದಿದ್ನಿ. ಓಣಿ ತುದಿ ಮಟಾ ಬಂದು ನಿಂತಿದ್ನಿ. ಕಟ್ಟಿ ಮ್ಯಾಲ ಅಜ್ಜಿ ನಿನ್ನ ತಲಿ ಬಾಚಾಕತ್ತಿದ್ಲು. ನೀ ಆಕಿಗೆ 'ಅವ್ವಾ, ಅವ್ವಾ' ಅಂತ ಏನೇನೋ ಹೇಳಾಕತ್ತಿದ್ದಿ. ಆಕಿನ್ನೇ ಅವ್ವ ಅಂತಿದ್ದಿ ನೀ! ನಾ ಎದುರು ಬಂದ್ರ 'ಈಕಿ ಯಾರು' ಅಂತ ಕೇಳ್ತಿ ಅನಿಸ್ತು. ಕಾಲು ಮುಂದ ಬರಲಿಲ್ಲ. ಅದ ಬಸ್ಸಿಗೆ ಹೊಳ್ಳಿ ಹೋದ್ನಿ. ಇದನ್ನ ಅಜ್ಜಿಗೂ ಹೇಳಿಲ್ಲ.

ನೀ ನೋಡಿಲ್ಲ ಅಂತ ತಿಳಕೊಂಡಿದ್ನಿ. ಫೋಟೋದಾಗ ಅಷ್ಟ ನೋಡಿದ ಮಾರಿ, ಗುರುತ ಎಲ್ಲಿ ಹಿಡಿತಿ ಅಂತ...

ನಾ ತಿರುಗಿ ಹೊಂಟಾಗ ಹಿಂದಿಂದ ಒಮ್ಮೆ ಜೋರಾಗಿ 'ಅವ್ವಾ' ಅಂತ ಕರದಿ. ಅಜ್ಜಿನ್ನ ಕರದಿ ಅನಕೊಂಡ್ನಿ.

ಮಲ್ಲಿಕಾ... ಅಳಬ್ಯಾಡ. ಇತ್ತಲಾಗ ನೋಡು.

ನನ್ನ ಕರದಿದ್ದೇನು?