ಒಂದ ತಾಟು

…ಇಲ್ಲ ದುರ್ಗಾ, ಮೊದಲ ಉಣ್ಣು. ಆಮ್ಯಾಲ ಮಸ್ಕಿಗೆ ಹೋಗೂಣು. ಗಾಡಿ ಹೊರಗ ನೆರಳಾಗ ನಿಂತೈತಿ, ಎಲ್ಲಿಗೂ ಓಡಿಹೋಗಂಗಿಲ್ಲ. ಕಲಬುರಗಿಯಿಂದ ಹಸಗೊಂಡ ಬಂದೀದಿ, ಮಾರಿನ ಹೇಳತೈತಿ. ಹೋದ ಬ್ಯಾಸಿಗ್ಯಾಗ ಇದ ಲಿಂಗಸುಗೂರ ಬಸ್ ಸ್ಟ್ಯಾಂಡಿನ್ಯಾಗ ತಲಿ ತಿರುಗಿ ಬಿದ್ದಾಕಿ ನೀ. ಅವಾಗ ನಿಮ್ಮ ದೊಡ್ಡಪ್ಪ ಎತ್ತಿಕೊಂಡ. ಈಗ ಬಿದ್ದರ ಯಾರು ಎತ್ತತಾರ, ಈ ಸಣಕಲ ಕಾಕಾನ?

ಹಾಂ, ನಗು ಸ್ವಲ್ಪ.

ಫೋನಿನ್ಯಾಗ ಹೇಳೀನಲ್ಲ. ಅಣ್ಣಗ, ನಿಮ್ಮ ದೊಡ್ಡಪ್ಪಗ, ಆರಾಮಿಲ್ಲ. ಮಲಗ್ಯಾನ. ನಿಮ್ಮ ದೊಡ್ಡವ್ವ ಬಾಜೂಕ ಕುಂತಾಳ. ನಾಕು ಮಂದಿ ನೋಡಾಕ ಬಂದಾರ, ಮನಿ ತುಂಬೇತಿ… ದೊಡ್ಡವ್ವ ಯಾಕ ಫೋನ್ ಎತ್ತವಲ್ಲಳು ಅಂದ್ರ, ಆಕಿ ಫೋನ್ ನನ್ನ ಕಿಸೇದಾಗ ಐತಿ. ನೋಡು. ಚಾರ್ಜಿಲ್ಲ.

ಬಸ್ಸಮ್ಮಕ್ಕಾ, ನಮ್ಮ ಹುಡುಗಿಗೆ ಬಿಸಿ ರೊಟ್ಟಿ ಹಾಕ್ರಿ. ಎಣಗಾಯಿ ಜಾಸ್ತಿ ಇರಲಿ. ಪುಂಡಿ ಪಲ್ಯ, ಗುರೆಳ್ಳ ಹಿಂಡಿ, ಮ್ಯಾಲ ಮೊಸರು.

ಪ್ರತಿ ವರ್ಷ ನೀ ರಜಾಕ್ಕ ಬಂದಾಗ ಬಸ್ ಇಳದ ಕೂಡಲೇ ನೀನೂ ದೊಡ್ಡಪ್ಪನೂ ಈ ಖಾನಾವಳಿಯೊಳಗ ಕೂಡತಿದ್ದಿರಿ. ಮನ್ಯಾಗ ದೊಡ್ಡವ್ವ ಅಡಿಗಿ ಮಾಡಿಟ್ಟು ಬಾಗಲಾ ನೋಡಬೇಕು, ನೀವು ಇಲ್ಲಿ ಹೊಟ್ಟಿ ಬಿರಿಯ ಉಂಡು, ಅಲ್ಲಿ ಹೋಗಿ ಹಸಿವಿಲ್ಲ ಅನ್ನಬೇಕು. ಜ್ವಾಳದ ಹಿಟ್ಟಿಗೆ ಕುದಿಯೋ ನೀರ ಯಾಕ ಹಾಕಬೇಕು ಅಂತ ನೀ ಒಮ್ಮೆ ತಿಳಿಸಿ ಹೇಳಿದ್ದಿ. ಗೋದಿಯೊಳಗಿನ ಜಿಗಿ ಜ್ವಾಳದಾಗ ಇಲ್ಲ, ಏನೋ ಅಂದಿ. ಅಣ್ಣ ಅದನ್ನ ಅರ್ಧ ಮಸ್ಕಿಗೆ ಹೇಳಿಕೊಂಡ ತಿರುಗಿದ. ನಮ್ಮ ಹುಡುಗಿ ರೊಟ್ಟಿಯೊಳಗೂ ಕಾಲೇಜ್ ಕಲತಾಳ ಅಂತ. ಬಸ್ಸಮ್ಮಕ್ಕ ಏನಂದಳು ನೆನಪೈತಿ? ಕಾಲೇಜ್ ಮುಗಿಸಿ ಬಂದು ನೀನ ರೊಟ್ಟಿ ಬಡಿ ತಂಗಿ, ನನ್ನ ಕೈ ಸೋತಾವ ಅಂದಳು.

ಬಂತ ನೋಡು. ತಿನ್ನು. ಹಟ್ಟಿ ಬಂಗಾರದ ಗಣಿ ಮಂದಿ ಶಿಫ್ಟ್ ಬಿಟ್ಟು ಬಂದರ ಎಣಗಾಯಿ ಉಳಿಯಂಗಿಲ್ಲ.

…ನನಗ ತಾಟ ಯಾಕ ಇಟ್ಟಿಲ್ಲ ಅಂದ್ರ? ನಂದು ಊಟ ಆಗೇತಿ ಬೇ. ಅನ್ನ ಸಾರು. ದೊಡ್ಡವ್ವ ಮಾಡಿದ್ದಳು… ಹೂಂ, ಬಾಜೂಕ ಕುಂತಾಳ ಅಂದೆ. ಮಾಡಿಟ್ಟು ಕುಂತಾಳ. ಪೊಲೀಸರಂಗ ಕೇಳಬ್ಯಾಡ, ತುತ್ತ ಬಾಯಾಗ ಇಡು.

ಬಸ್ಸಮ್ಮಕ್ಕನ ಮಾರಿ ಯಾಕ ನೋಡತಿ? ಒಲಿ ಹೊಗಿ ಕಣ್ಣಿಗೆ ಹೊಡದಿರಬೇಕು. …ಗ್ಯಾಸಿನ ಒಲಿ, ಖರೆ. ಹಂಗಾರ ಉಳ್ಳಾಗಡ್ಡಿ ಹೆಚ್ಚ್ಯಾಳ. ನನಗೇನ ಗೊತ್ತು.

ಎರಡ ತುತ್ತಿಗೆ ಕೈ ನಿಂದರಿಸಬ್ಯಾಡ ನನ್ನವ್ವ. ಒಂದ ರೊಟ್ಟಿ. ಒಂದ ಅಂದ್ರ ಒಂದ. ಮಸ್ಕಿತನಕ ಈ ಬಿಸಿಲಾಗ ಗಾಡಿ ಮ್ಯಾಲ ಕೂಡಬೇಕು ನೀ. ಅಲ್ಲಿ ಹೋದ ಮ್ಯಾಲ… ಅಲ್ಲಿ ಹೋದ ಮ್ಯಾಲ ಮಂದಿ ಗದ್ದಲದಾಗ ಯಾರು ಕೇಳತಾರ ನಿನ್ನ, ಉಂಡಿ ಏನು ಅಂತ.

ಇದೇನು, ನನಗ್ಯಾಕ ಕೊಡತಿ? ನಾ ತಿಂದರ ನೀ ತಿಂತೀ? ದೊಡ್ಡಪ್ಪನ ಹಟ ಎಲ್ಲಾ ನಿನ್ನ ಮೈಯಾಗ ಬಂದೈತಿ. ಕೊಡು ಇಲ್ಲಿ. ನೋಡು, ಮುರದೆ. ಪಲ್ಯ ಹಚ್ಚಿದೆ.

…ಬಿಸಿ ಐತಿ, ಆರಲಿ.

…ತಿಂತೀನಿ. ಹಲ್ಲ ನೋಯಾಕತ್ತಾವ ಸ್ವಲ್ಪ, ಅದಕ್ಕ…

ಹಂಗ ನೋಡಬ್ಯಾಡ ದುರ್ಗಾ.

ಏನರ ಕೇಳು. ಇಷ್ಟೊತ್ತನಕ ಒಂದ ಸವನ ಕೇಳಾಕತ್ತಿದ್ದಿ. ಡಾಕ್ಟರ್ ಏನಂದರು ಕೇಳು. ಸಿಂಧನೂರಿಗೆ ಯಾಕ ಒಯ್ಯಲಿಲ್ಲ ಅಂತ ಬೈ ನನ್ನ. ಬೈಯಬೇ.

…ತುತ್ತ ಯಾಕ ಕಸಗೊಂಡಿ ನನ್ನ ಕೈಯಾಗಿಂದ? ತಿಂತಿದ್ದೆ. ಖರೇನ ತಿಂತಿದ್ದೆ. ಬಾಯಿತನಕ ತಂದಿದ್ದೆ, ಬಾಯಿ ತೆರಿಲಿಲ್ಲ, ಅಷ್ಟ.

ನಿಮ್ಮ ಅಜ್ಜಿ ಹೋದಾಗ ನೀ ಸಣ್ಣಾಕಿ. ಮಣ್ಣ ಆಗೂತನಕ ಮನ್ಯಾಗ ಯಾರೂ ಬಾಯಾಗ ಏನೂ ಇಡಂಗಿಲ್ಲ ಅಂತ ಹೇಳಿದರೂ ಕೇಳದ, ಒಂದ ರೊಟ್ಟಿ ಹಿಡಕೊಂಡು ದೊಡ್ಡಪ್ಪನ ಹಿಂದ ತಿರುಗಿದ್ದಿ, ಅವಗ ಉಣಸಾಕ. ನೀ ಅದನ್ನ ಮರತಿರಬೇಕು ಅನಕೊಂಡಿದ್ದೆ.

ದೊಡ್ಡವ್ವ ಕಳಿಸ್ಯಾಳ ನನ್ನ. ದುರ್ಗಾಗ ಮೊದಲ ಉಣಸು, ಆಮ್ಯಾಲ ಹೇಳು, ಹೇಳಿದ ಮ್ಯಾಲ ಆಕಿ ನೀರೂ ಮುಟ್ಟಂಗಿಲ್ಲ ಅಂತ. ಅಳಾಕತ್ತಾಕಿ ಅಳೂದು ಬಿಟ್ಟು ಇಷ್ಟು ಹೇಳಿದಳು. ನಾ ಏನ ಮಾಡಲಿ? ನಸಿಕಿನ್ಯಾಗ ಅಣ್ಣ ನೀರ ಕೇಳಿದ. ಕುಡದ. ಗ್ವಾಡಿಗೆ ಮಾರಿ ಮಾಡಿ ಮಲಗಿದಾವ ಮತ್ತ ಏಳಲಿಲ್ಲ. ನಿನ್ನ ಸಲುವಾಗಿ ಇನ್ನೂ ಎತ್ತಿಲ್ಲ, ಎಲ್ಲಾರೂ ಕಾಯಾಕತ್ತಾರ.

ಮಾತಾಡು. ಅಳು. ಇಲ್ಲಿ ಎಲ್ಲಾರೂ ನಮ್ಮವರ…

ಇದೇನ ಮಾಡಾಕತ್ತಿ ನೀ?

ಸಾವಕಾಶ. ನೀರ ಕುಡಿ ನಡುವ. ಬರೇ ರೊಟ್ಟಿ ಹಂಗ ತುಂಬಿಕೋಬ್ಯಾಡ, ಗಂಟಲಕ್ಕ ಹಿಡಿತೈತಿ. …ಬಸ್ಸಮ್ಮಕ್ಕಾ, ಇನ್ನ ಹಾಕಬ್ಯಾಡ್ರಿ.

ಸಾಕು ದುರ್ಗಾ. ದೊಡ್ಡವ್ವಗ ನಾ ಹೇಳತೀನಿ, ಉಂಡಳು ಅಂತ. ಹೊಟ್ಟಿ ತುಂಬ ಉಂಡಳು ಅಂತ ಹೇಳತೀನಿ.

ತುತ್ತ ಹಿಡದ ಕೈ ಇಳಿಸು, ನನ್ನವ್ವ. ಇಳಿಸು.